ಹಿಡಿಯದ ಕೈಯ ಪಾಲು

ಹಳೇ ಹುಬ್ಬಳ್ಳಿಯ ಕಬಾಡಿ ಓಣಿಯ ಗಂಡಸರಿಗೆ ಜಗಳ ಆಡಲು ಬರುತ್ತಿತ್ತೇ ಹೊರತು ಹೊಡೆದಾಡಲು ಬರುತ್ತಿರಲಿಲ್ಲ. ಓಣಿಗೆ ಹೊಸದಾಗಿ ಬಂದವರಿಗೆ ಇದು ತಿಳಿಯುತ್ತಿರಲಿಲ್ಲ. ಮೊದಲ ಜಗಳ ಕಂಡ ದಿನ ಅವರು ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನು ಮಾಡುತ್ತಿದ್ದರು. ಪೊಲೀಸರು ಬರುವ ಹೊತ್ತಿಗೆ ಜಗಳ ಆಡಿದವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ಅಲ್ಲಿಯ ಜಗಳಗಳಲ್ಲೆಲ್ಲ ಹೆಸರುವಾಸಿಯಾದದ್ದು ಫಕ್ಕೀರೇಶ ಮತ್ತು ಗದಿಗೆಪ್ಪನ ಜಗಳ. ಫಕ್ಕೀರೇಶನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಗದಿಗೆಪ್ಪನದು ಗಿರಮಿಟ್ಟು, ಮಿರ್ಚಿಯ ಗಾಡಿ. ಆ ಗಾಡಿಯ ಒಂದು ಗಾಲಿ ವರ್ಷಾನುಗಟ್ಟಲೆಯಿಂದ ಫಕ್ಕೀರೇಶನ ಅಂಗಡಿಯ ಮೆಟ್ಟಿಲಿಗೆ ತಾಗಿಕೊಂಡೇ ನಿಲ್ಲುತ್ತಿತ್ತು. ವಾರಕ್ಕೊಮ್ಮೆಯಾದರೂ ಆ ಗಾಲಿ ಫಕ್ಕೀರೇಶನ ಕಣ್ಣಿಗೆ ಚುಚ್ಚುತ್ತಿತ್ತು. ಕೈಗೆ ಸಿಕ್ಕ ಸುತ್ತಿಗೆಯನ್ನೋ ಪಾನಾವನ್ನೋ ಎತ್ತಿಕೊಂಡು ಅವನು ಮೆಟ್ಟಿಲಿಳಿದರೆ, ಗದಿಗೆಪ್ಪ ಜಾಲರಿ ಸೌಟು ಬಿಸಾಕಿ, ತಲೆಯ ಟೊಪ್ಪಿಗೆ ತೆಗೆದು, ಬೋಳುತಲೆ ಮುಂದೆ ಮಾಡಿ ನಿಲ್ಲುತ್ತಿದ್ದ.

"ಹೊಡಿ! ಗಂಡಸಾಗಿದ್ರ ಹೊಡಿಯಲೇ, ನೋಡೇಬಿಡೂಣು!"

ಆಗ ಎದುರಿನ ಹಿಟ್ಟಿನ ಗಿರಣಿಯಿಂದ ತವನಪ್ಪ ಬರುತ್ತಿದ್ದ. ಗಿರಣಿ ನಿಲ್ಲಿಸಿ, ಅವಸರವೇನೂ ಇಲ್ಲದೆ ರಸ್ತೆ ದಾಟಿ, ಫಕ್ಕೀರೇಶನ ನಡುವನ್ನು ಹಿಂದಿನಿಂದ ತಬ್ಬಿ, ಬೆರಳಿಗೆ ಬೆರಳು ಹೆಣೆದು ನಿಂತುಬಿಡುತ್ತಿದ್ದ. ನಿಜವಾದ ಜಗಳ ಅಲ್ಲಿಂದ ಶುರು. "ಬಿಡ್ರಿ ನನ್ನ! ಬಿಡ್ರಿ! ಇವತ್ತ ಇವನ ತೆಲಿ ಒಡೀದ ಬಿಡೂದಿಲ್ಲ!" ಎಂದು ಫಕ್ಕೀರೇಶ ಗಾಳಿಯಲ್ಲಿ ಕಾಲು ಬಡಿಯುತ್ತಿದ್ದ. ಹಿಡಿತ ಬಿಗಿಯಾದಷ್ಟೂ ಕೂಗು ಜೋರು. ತವನಪ್ಪ ಗಿರಣಿಯಲ್ಲಿ ಚೀಲ ಎತ್ತಿ ಎತ್ತಿ ಗಟ್ಟಿಯಾದ ಆಳು. ಅವನ ಕೈಯಿಂದ ಯಾರೂ ಬಿಡಿಸಿಕೊಂಡು ಹೋದದ್ದಿಲ್ಲ. ಸಿಟ್ಟು ಖಾಲಿಯಾದ ಮೇಲೆ ಮೂವರೂ ಚಹಾ ಕುಡಿಯುತ್ತಿದ್ದರು.

ಸಂಜೆ ಫಕ್ಕೀರೇಶನ ಹೆಂಡತಿ ಇಂದುಮತಿ ಗಂಡನ ಅಂಗಿಯ ಹೊಟ್ಟೆಯ ಮೇಲಿದ್ದ ಎರಡು ಬಿಳಿ ಅಂಗೈ ಗುರುತು ನೋಡಿ, "ಇವತ್ತೂ ಆತೇನ್ರಿ ನಿಮ್ಮ ಪೂಜಿ?" ಎಂದು ಕೇಳಿ, ಹಿಟ್ಟು ಝಾಡಿಸಿ ಅಂಗಿಯನ್ನು ಬಕೆಟ್ಟಿಗೆ ಹಾಕುತ್ತಿದ್ದಳು.

ಇಂದುಮತಿ ಸಾಮಾನ್ಯಳಲ್ಲ. ಊರ ಹೊರಗಿನ ಪಾಲುಮಾಪನ ಕೇಂದ್ರದಲ್ಲಿ ಅವಳು ವಾಚಕಿ. ಅಂದರೆ ಪಾಲುಮಾಪಕವೆಂಬ ಯಂತ್ರ ಬರೆದದ್ದನ್ನು ಓದಿ ಹೇಳುವವಳು.

ಆ ಯಂತ್ರದ ಕತೆ ಇಷ್ಟು. ಮನುಷ್ಯ ಇನ್ನೊಬ್ಬನ ಮೇಲೆ ಕೈ ಎತ್ತುವ ಮುಂಚಿನ ಕೆಲವು ನಿಮಿಷಗಳಲ್ಲಿ ಅವನ ಮಿದುಳಿಗೆ ತಾಗಿದ್ದೆಲ್ಲ ಅಲ್ಲಿಯೇ ಅಚ್ಚಾಗಿ ಉಳಿಯುತ್ತದೆ; ರಕ್ತಕ್ಕೆ ನುಗ್ಗುವ ಆವೇಶದ ರಸಗಳೇ ಆ ಅಚ್ಚನ್ನು ಗಟ್ಟಿ ಮಾಡುತ್ತವೆ. ಎರಡು ದಿನದೊಳಗೆ ಅವನ ತಲೆಗೆ ಟೋಪಿ ತೊಡಿಸಿ ಮಲಗಿಸಿದರೆ ಯಂತ್ರ ಅದನ್ನು ತಿರುಗಿ ಓದುತ್ತದೆ. ಅದಕ್ಕೆ ಚಿತ್ರ ಕಾಣುವುದಿಲ್ಲ, ಒತ್ತಡ ಕಾಣುತ್ತದೆ. ಯಾರ ಮಾತು ಕೈಯನ್ನು ಮುಂದೆ ದೂಡಿತು, ಯಾರ ಸ್ಪರ್ಶ ಹಿಂದೆಳೆಯಿತು, ಯಾರ ನಗು ಕಿಚ್ಚು ಹಚ್ಚಿತು. ಎಲ್ಲವನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ಪಾಲು ಹಾಕುತ್ತದೆ. ಹತ್ತಕ್ಕಿಂತ ಹೆಚ್ಚು ಪಾಲು ಬಂದವನು ಅಪರಾಧದಲ್ಲಿ ಭಾಗಿ. ಕಾಯ್ದೆಗೆ ಸರ್ಕಾರ ಉದ್ದದ ಹೆಸರಿಟ್ಟಿತ್ತು. ಜನ ಕುಮ್ಮಕ್ಕು ಕಾಯ್ದೆ ಎಂದು ಕರೆದರು.

ಮೊದಮೊದಲು ಎಲ್ಲರಿಗೂ ಖುಷಿಯೇ. ಮನೆಯಲ್ಲಿ ಕೂತು ಬಾಡಿಗೆ ಹುಡುಗರಿಂದ ಕೊಲೆ ಮಾಡಿಸುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಸೊಸೆಗೆ ಬೆಂಕಿ ಹಚ್ಚಿದ ಮಗನ ಹಿಂದೆ ನಿಂತು ಮಾತಿನಲ್ಲೇ ಎಣ್ಣೆ ಸುರಿದ ಅತ್ತೆಯನ್ನು ಇಂದುಮತಿಯ ಓದು ಹಿಡಿದುಕೊಟ್ಟಾಗ ಪತ್ರಿಕೆಯಲ್ಲಿ ಅವಳ ಫೋಟೊ ಬಂದಿತ್ತು. ಫಕ್ಕೀರೇಶ ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿ, ಬಂದ ಗಿರಾಕಿಗಳಿಗೆಲ್ಲ ತೋರಿಸಿದ್ದ.

ಆಮೇಲೆ ಹಣ್ಣಿನ ಮಾರುಕಟ್ಟೆಯ ಪ್ರಕರಣ ಬಂತು. ಇಬ್ಬರು ಜಗಳಕ್ಕೆ ಬಿದ್ದಿದ್ದರು. ಬಾಳೆಹಣ್ಣು ಮಾರುವ ಒಬ್ಬ ಜಗಳ ಬಿಡಿಸಲೆಂದು ಹೋಗಿ ಒಬ್ಬನ ಎರಡೂ ತೋಳು ಹಿಡಿದ. ಇನ್ನೊಬ್ಬ ಅದೇ ಗಳಿಗೆಯಲ್ಲಿ ಚೂರಿ ಹಾಕಿದ. ಎದುರಿನವನ ಕೈ ಕಟ್ಟಿದಂತಾಗಿದೆ ಎಂಬ ಧೈರ್ಯ ಕೊಂದವನ ಮಿದುಳಿನಲ್ಲಿ ಅಚ್ಚಾಗಿತ್ತು. ಯಂತ್ರಕ್ಕೆ ಒತ್ತಡ ಗೊತ್ತು, ಉದ್ದೇಶ ಗೊತ್ತಿಲ್ಲ. ಬಾಳೆಹಣ್ಣಿನವನಿಗೆ ಹದಿನಾಲ್ಕು ಪಾಲು ಬಂತು, ಐದು ವರ್ಷ ಆಯಿತು.

ಆ ತೀರ್ಪು ಬಂದ ಮೇಲೆ ಊರಿನ ಕೈಗಳೆಲ್ಲ ಬೆನ್ನ ಹಿಂದೆ ಹೋದವು. ಎಲ್ಲಾದರೂ ದನಿ ಏರಿದರೆ ಸಾಕು, ಸುತ್ತಲಿದ್ದವರು ಕೈ ಹಿಂದೆ ಕಟ್ಟಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಹಾಗೆ ನಿಂತವರನ್ನು ಪೊಲೀಸರು ಕೇಳುತ್ತಿರಲಿಲ್ಲ. ಶಾಲೆಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಇದರದೇ ತಾಲೀಮು. ಕುಸ್ತಿಯ ಕಣದಲ್ಲಿ ಪ್ರೇಕ್ಷಕರು ತುಟಿ ಹೊಲಿದುಕೊಂಡು ಕೂತರು. ಪೈಲವಾನರಿಗೆ ಗೆದ್ದದ್ದು ಯಾರೆಂದೇ ತಿಳಿಯದಂತಾಯಿತು. ನಲ್ಲಿಯ ಮುಂದೆ ಹೆಂಗಸರು ಬೈಗುಳ ಬಿಟ್ಟರು. ಯಾರಾದರೂ ಯಾರ ಮೇಲಾದರೂ ದೂರು ಹೇಳಿದರೆ "ನಿಮ್ಮ ಇಷ್ಟರಿ" ಎಂದಷ್ಟೇ ಉತ್ತರ. ಕಂಡವರಿಗೆಲ್ಲ ಊರು ಬಹಳ ಸಭ್ಯವಾದಂತೆ ತೋರುತ್ತಿತ್ತು.

ಫಕ್ಕೀರೇಶ ಮಾತ್ರ ಬಾಡಿಹೋದ. ಗಾಲಿ ಕಂಡರೂ ಕೂತಲ್ಲಿಂದಲೇ ಒಂದೆರಡು ಮಾತು ಕೂಗಿ ಸುಮ್ಮನಾಗುತ್ತಿದ್ದ. ಊಟ ಸೇರುತ್ತಿರಲಿಲ್ಲ. ಒಂದು ದಿನ ಇಂದುಮತಿ ರೊಟ್ಟಿ ಬಡಿಸುತ್ತ ನೇರವಾಗಿಯೇ ಹೇಳಿದಳು.

"ಇನ್ನ ಮ್ಯಾಲ ನಿಮ್ಮನ್ನ ಯಾರೂ ಹಿಡಿಯೂದಿಲ್ರಿ. ತಿಳಕೋರಿ. ಕೈಯಾಗ ಸುತ್ತಿಗಿ ಹಿಡದ ಇಳೀಬ್ಯಾಡ್ರಿ."

"ಯಾರೂ ಹಿಡೀದಿದ್ರ ತವನಪ್ಪ ಹಿಡೀತಾನ ತಗೋ."

"ತವನಪ್ಪಣ್ಣಗೂ ಹೆಂಡ್ತಿ ಮಕ್ಕಳದಾರ."

"ನೀ ಆ ಯಂತ್ರ ನೋಡಿ ನೋಡಿ ಮನಶ್ಯಾರನ್ನ ಮರತೀ," ಎಂದು ಫಕ್ಕೀರೇಶ ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ. ಅದನ್ನು ನೋಡಿ ಅವಳೂ ಮಾತು ಬೆಳೆಸದೆ ಇನ್ನೊಂದು ರೊಟ್ಟಿ ಹಾಕಿದಳು.

ನಡೆಯಬಾರದ್ದು ನಡೆದದ್ದು ಒಂದು ಸೋಮವಾರ, ಮಧ್ಯಾಹ್ನ ಇಳಿಯುವ ಹೊತ್ತಿಗೆ. ಇಂದುಮತಿ ಕೇಂದ್ರದಲ್ಲಿದ್ದಳು. ತವನಪ್ಪನ ಹೆಂಡತಿ ಪದ್ಮವ್ವ ಫೋನು ಮಾಡಿ, "ಇಂದಕ್ಕಾ, ಲಗೂನ ಬಾ," ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಓಣಿಗೆ ಬಂದಾಗ ಗಾಡಿ ವಾಲಿತ್ತು, ಬಾಣಲೆಯ ಎಣ್ಣೆ ಮೆಟ್ಟಿಲ ಮೇಲೆ ಹರಿದಿತ್ತು. ಜನ ಎರಡೂ ಬದಿಗೆ ಗೋಡೆಯ ಕಡೆ ಮುಖ ಮಾಡಿ ನಿಂತೇ ಇದ್ದರು. ರಸ್ತೆಯ ನಡುವೆ ಗದಿಗೆಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಫಕ್ಕೀರೇಶ ಕೂತಿದ್ದ.

ನಡೆದದ್ದು ಅವಳಿಗೆ ಆಮೇಲೆ ತುಣುಕು ತುಣುಕಾಗಿ ತಿಳಿಯಿತು. ಕಾದ ಎಣ್ಣೆ ಚೆಲ್ಲಿ ಫಕ್ಕೀರೇಶನ ಹೊಸ ತಾಮ್ರದ ತಂತಿಯ ಸುರುಳಿ ಹಾಳಾಗಿತ್ತು. ಅವನು ಸುತ್ತಿಗೆ ಎತ್ತಿ ಮೆಟ್ಟಿಲಿಳಿದ. ಗದಿಗೆಪ್ಪ ಟೊಪ್ಪಿಗೆ ತೆಗೆದ, ಬಗ್ಗಿದ, "ಹೊಡಿಯಲೇ" ಅಂದ. ಇಬ್ಬರೂ ಎಂದಿನಂತೆಯೇ ಮಾಡಿದರು. ತವನಪ್ಪ ಗಿರಣಿ ನಿಲ್ಲಿಸಿ ಬಾಗಿಲಿಗೂ ಬಂದ. ಅಲ್ಲಿಗೆ ಅವನ ಕಾಲು ನಿಂತವು, ಕೈ ಬೆನ್ನ ಹಿಂದೆ ಹೋದವು. ಫಕ್ಕೀರೇಶ ಹಿಂದೆ ನೋಡಲಿಲ್ಲ. ಎಂದೂ ನೋಡುವ ಅಗತ್ಯ ಬಿದ್ದಿರಲಿಲ್ಲ. ನಡು ಹಿಡಿಸಿಕೊಂಡವನು ಹೇಗೆ ಮುಂದೆ ನುಗ್ಗುತ್ತಾನೋ ಅಷ್ಟೂ ಬಲ ಹಾಕಿ ನುಗ್ಗಿದ. ಸುತ್ತಿಗೆ ಇಳಿಯುವಾಗ ಅವನು "ಬಿಡ್ರಿ ನನ್ನ!" ಎಂದು ಕೂಗಿದ್ದನ್ನು ಇಡೀ ಓಣಿ ಕೇಳಿಸಿಕೊಂಡಿತು. ಆಗ ಅವನನ್ನು ಯಾರೂ ಹಿಡಿದಿರಲಿಲ್ಲ.

ಮರುದಿನ ಫಕ್ಕೀರೇಶನನ್ನು ಯಂತ್ರದ ಕೆಳಗೆ ಮಲಗಿಸಿದರು. ಸಂಬಂಧಿಯಾದ್ದರಿಂದ ಇಂದುಮತಿಗೆ ಓದುವ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, ಒಳಗೆ ಯಂತ್ರ ಗುಂಯ್‌ಗುಡುವುದನ್ನು ಕೇಳುತ್ತಿದ್ದಳು. ಎಷ್ಟೋ ಜನರ ಹೆಂಡಂದಿರು ಆ ಬೆಂಚಿನ ಮೇಲೆ ಕೂತದ್ದನ್ನು ಅವಳು ಕಂಡಿದ್ದಳು. ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು.

ಕೇಂದ್ರದ ಮುಖ್ಯಸ್ಥ ಡಾ. ಕಟಗೇರಿ ಬಾಗಿಲು ತೆರೆದು ಕರೆದರು. ಅವರ ಮುಖದಲ್ಲಿ ದುಃಖ ತಂದುಕೊಳ್ಳುವ ಪ್ರಯತ್ನ ಕಾಣುತ್ತಿತ್ತು, ಆದರೆ ಕಣ್ಣು ಹೊಳೆಯುತ್ತಿದ್ದವು.

"ಕೂಡ್ರಿ ಇಂದುಮತಿಯವರ. ನಿಮಗ ತೋರಿಸಬಾರದು. ಆದ್ರ ನೀವು ವಾಚಕಿ, ನಿಮಗ ತಿಳೀತದ."

ಪರದೆಯ ಮೇಲೆ ಹಳದಿ ಗೆರೆ ಒಂದಿತ್ತು. ಗದಿಗೆಪ್ಪನ ದನಿ. ತನ್ನ ಸಾವಿಗೆ ತಾನೇ ಹಾಕಿದ ಪಾಲು, ಇಪ್ಪತ್ತೆರಡು. ಅದರ ಕೆಳಗೆ ಫಕ್ಕೀರೇಶನ ಸ್ವಂತದ ಕೆಂಪು ಗೆರೆ, ನಲವತ್ತು. ಮೂರನೆಯದು ಸ್ಪರ್ಶದ ಹಸಿರು ಗೆರೆ. ಅದು ಇರಬಾರದ ಜಾಗದಲ್ಲಿತ್ತು. ಸೊನ್ನೆಯ ಗೆರೆಯ ಕೆಳಗೆ ಹಳ್ಳದ ಹಾಗೆ ತಗ್ಗಿತ್ತು.

"ಯಾರೂ ಮುಟ್ಟಿಲ್ಲಲ್ರಿ ಅವರನ್ನ," ಅಂದಳು ಇಂದುಮತಿ.

"ಅದೇ ನೋಡ್ರಿ! ಮುಟ್ಟಿಲ್ಲ. ಆದ್ರ ನಿಮ್ಮವರ ಮೈ ಆ ಮುಟ್ಟೂದನ್ನ ಲೆಕ್ಕಕ್ಕ ಹಿಡದದ. ನಡುವಿನ ಮ್ಯಾಲ ಎರಡು ಅಂಗೈ, ಹೆಣೆದ ಬೆರಳು. ಅಳತಿ ಸಮೇತ ಅದ. ಆ ಹಿಡಿತ ಬರ್ತದಂತ ನಂಬಿನ ಇಷ್ಟು ಬಲ ಹಾಕ್ಯಾರ. ಬರಲಿಲ್ಲ." ಕಟಗೇರಿ ಪರದೆಯನ್ನು ಬೆರಳಿನಿಂದ ತಟ್ಟಿದರು. "ಹಿಡೀದ ಕೈಗೆ ಮೂವತ್ತೆಂಟು ಪಾಲು. ಇಲ್ಲದ್ದನ್ನ ಓದೂದು ಇದೇ ಮೊದಲು. ದೊಡ್ಡ ಶೋಧ ಇದು."

ಇಂದುಮತಿಗೆ ಆ ಅಂಗೈಗಳ ಅಳತೆ ಯಂತ್ರ ಹೇಳಬೇಕಾಗಿರಲಿಲ್ಲ. ವರ್ಷಗಟ್ಟಲೆ ಅವುಗಳನ್ನು ಅಂಗಿಯಿಂದ ಒಗೆದು ತೆಗೆದವಳು ಅವಳು. ಓದು ಸುಳ್ಳೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಯಾಕೆಂದರೆ ಅದು ನಿಜವೇ ಆಗಿತ್ತು.

ಕಟಗೇರಿ ಮುಂದಿನದನ್ನು ಮೆಲ್ಲಗೆ ವಿವರಿಸಿದರು. ಮಾಡಿದ್ದಕ್ಕೆ ಪಾಲು ಹಾಕಲು ಯಂತ್ರದ ಓದೇ ಸಾಕು. ಮಾಡದೆ ಬಿಟ್ಟದ್ದಕ್ಕೆ ಹಾಕಬೇಕಾದರೆ, ಅದು ಮಾಡಬೇಕಾದ ರೂಢಿಯಾಗಿತ್ತು ಎಂದು ಕೋರ್ಟಿನಲ್ಲಿ ಮನುಷ್ಯರು ಸಾಕ್ಷಿ ಹೇಳಬೇಕು. ಹೊಡೆದವನ ಮಾತಾಗಲಿ ಹಿಡಿಯದವನ ಒಪ್ಪಿಗೆಯಾಗಲಿ ಅದಕ್ಕೆ ಸಾಲದು. ರೂಢಿ ಸಾಬೀತಾದರೆ ಮೂವತ್ತೆಂಟು ತವನಪ್ಪನ ತಲೆಗೆ. ಆಗ ಫಕ್ಕೀರೇಶನದು ಅರ್ಧಕ್ಕಿಂತ ಕಡಿಮೆ, ಏಳು ವರ್ಷ. ಸಾಬೀತಾಗದಿದ್ದರೆ ಆ ಪಾಲೂ ಫಕ್ಕೀರೇಶನಿಗೇ ಸೇರುತ್ತದೆ. ಅರ್ಧ ದಾಟಿದವನು ಜೈಲಿನಿಂದ ಹೆಣವಾಗಿಯೇ ಹೊರಗೆ ಬರಬೇಕು.

"ಓಣಿಯವರನ್ನೆಲ್ಲ ಪೊಲೀಸರು ಕೇಳ್ಯಾರ. ಒಬ್ಬರೂ ಬಾಯಿ ಬಿಡವಲ್ಲರು. ನಮಗ ಗೊತ್ತಿಲ್ರಿ ಅಂತಾರ. ಉಳಿದವರು ನೀವೊಬ್ಬರ," ಎಂದರು ಕಟಗೇರಿ.

ಆ ವಾರ ಇಂದುಮತಿ ಮನೆಯಲ್ಲಿ ಒಲೆ ಹಚ್ಚಿದ್ದೇ ಕಡಿಮೆ. ಒಂದು ಮುಂಜಾನೆ ಬಾಗಿಲು ತೆರೆದರೆ ಪದ್ಮವ್ವ ನಿಂತಿದ್ದಳು. ಇಂದುಮತಿ ಗಿರಣಿಗೆ ಕೊಟ್ಟು ಮರೆತಿದ್ದ ಜೋಳದ ಡಬ್ಬಿಯನ್ನು ಬೀಸಿಸಿ ತಂದು ಹೊಸ್ತಿಲ ಹೊರಗೆ ಇಟ್ಟಿದ್ದಳು. ಮಾತಾಡಲಿಲ್ಲ. ಸಾಕ್ಷಿಯ ಹತ್ತಿರ ಬೇಡಿಕೊಳ್ಳುವುದೂ ಕುಮ್ಮಕ್ಕೇ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣೀರು ಒರೆಸಿಕೊಳ್ಳಲೂ ಕೈ ಮುಂದೆ ತರದೆ, ಬಹಳ ಹೊತ್ತು ನಿಂತಿದ್ದಳು. ಇಂದುಮತಿ ಸೆರಗು ಹಿಡಿದು ಅವಳ ಮುಖ ಒರೆಸಲು ಹೋದಾಗ ಹೆದರಿ ಹಿಂದೆ ಸರಿದು ಹೊರಟುಹೋದಳು.

ಸಂಜೆ ತವನಪ್ಪನೇ ಬಂದ. ಅವನು ಒಳಗೆ ಬಂದು ನೆಲದ ಮೇಲೆ ಕೂತ.

"ವೈನಿ, ನನ್ನ ವಿರುದ್ಧ ನಾ ಮಾತಾಡಿದ್ರ ಯಾವ ಕಾಯ್ದೆನೂ ಬ್ಯಾಡ ಅನ್ನೂದಿಲ್ಲ. ಅದಕ್ಕ ಬಂದೆ. ಇದ್ದದ್ದನ್ನ ಹೇಳಿಬಿಡ್ರಿ. ನಾ ಹಿಡೀತಿದ್ದೆ. ಅವತ್ತ ಹಿಡೀಲಿಲ್ಲ."

"ಯಾಕ ಹಿಡೀಲಿಲ್ಲ, ತವನಪ್ಪಣ್ಣ?" ಕೇಳಬಾರದೆಂದುಕೊಂಡಿದ್ದರೂ ಅವಳ ಬಾಯಿಂದ ಬಂದೇಬಿಟ್ಟಿತು.

ತವನಪ್ಪ ತನ್ನ ಎರಡೂ ಅಂಗೈ ಮೇಲೆ ಮಾಡಿ ನೋಡಿಕೊಂಡ. "ಬಾಗಲಕ್ಕ ಬಂದೆ. ಮೆಣಸಿನಹಣ್ಣಿನಂಗ ಕೆಂಪ ಆಗಿತ್ತು ಫಕ್ಕೀರನ ಮಾರಿ. ಓಡಬೇಕನಿಸ್ತು. ಅಷ್ಟರಾಗ ಸಣ್ಣ ಮಗಳ ನೆನಪಾತು. ಸಾಲಿಯಾಗ ಕಲಿಸಿದ್ದನ್ನ ದಿನಾ ನನ್ನ ಮುಂದ ಮಾಡಿ ತೋರಿಸ್ತಾಳ, ಅಪ್ಪಾ ನೀನೂ ಹಿಂಗ ನಿಲ್ಲು ಅಂತ. ಕೈ ತಾವ ಹಿಂದ ಹೋದ್ವು. ಗದಿಗೆಪ್ಪನೂ ನನ್ನ ಕಡೆನ ನೋಡಿದ, ವೈನಿ. ಬಗ್ಗೂ ಮುಂಚೆ ಒಂದ್ಸಲ ನೋಡಿದ. ನಾ ಬಾಗಲದಾಗ ಕಂಡೆ ಅಂತ ಧೈರ್ಯದಿಂದ ಬಗ್ಗಿದ."

ಇಂದುಮತಿಗೆ ಅವನ ಮೇಲೆ ಸಿಟ್ಟು ಬಂತು, ಮರುಗಳಿಗೆಯೇ ಮರುಕವೂ ಬಂತು. ಅವನು ಎದ್ದು ಹೋದ ಮೇಲೆ, ಗಂಡನನ್ನು ಉಳಿಸಿಕೊಳ್ಳುವ ದಾರಿ ಅವನ ಬಾಯಿಂದಲೇ ಸಿಕ್ಕಿದೆಯಲ್ಲ ಎಂದು ಒಂದು ಕ್ಷಣ ಹಗುರವೂ ಆಯಿತು. ನಿಜವನ್ನೇ ತಾನೇ ಹೇಳಬೇಕಾದದ್ದು? ಹೇಳಿಬಿಡುತ್ತೇನೆ ಎಂದುಕೊಂಡಳು.

ಆ ನಿರ್ಧಾರ ಜೈಲಿನ ಭೇಟಿಯವರೆಗೆ ಮಾತ್ರ ಗಟ್ಟಿಯಾಗಿತ್ತು. ಗಾಜಿನ ಆಚೆ ಫಕ್ಕೀರೇಶ ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡೊಡನೆ ಮುಂದೆ ಬಾಗಿದ.

"ವಕೀಲರು ಹೇಳಿದ್ರು. ಏಳು ವರ್ಷ ಅಂತ. ಹೇಳ್ತೀ ಹೌದಲ್ಲೋ?"

"ತವನಪ್ಪಣ್ಣ ಒಳಗ ಹೋಗ್ತಾರ್ರಿ."

"ಹೋಗ್ಲಿ! ಗದಿಗ್ಯಾ ಹೋದ, ನಾ ಹೊಂಟೇನಿ, ಅವ ಯಾಕ ಹೊರಗಿರಬೇಕು? ಇಷ್ಟ ವರ್ಷ ಹಿಡದಾಂವ ಅವತ್ತೊಂದ ದಿವಸ ಯಾಕ ಬಿಟ್ಟ?" ಫಕ್ಕೀರೇಶನ ದನಿ ಒಡೆಯಿತು. "ನಾ ಹೊಡೀಲಿಲ್ಲ ಇಂದೂ. ನನ್ನ ಬಿಟ್ಟರು."

ಅವನು ಅದನ್ನು ನಂಬಿಯೇ ಹೇಳುತ್ತಿದ್ದ. ಕಪಟವಿರಲಿಲ್ಲ. ಯಂತ್ರವೂ ಅದನ್ನೇ ಹೇಳಿತ್ತು.

"ಸುತ್ತಿಗಿ ಯಾರ ಕೈಯಾಗಿತ್ರಿ?" ಎಂದು ಇಂದುಮತಿ ಕೇಳಿದಳು.

ಅವನು ಗಾಜಿನ ಮೇಲೆ ಹಣೆ ಇಟ್ಟ.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳ ತಲೆಯಲ್ಲಿ ಒಂದೇ ಯೋಚನೆ ಸುತ್ತುತ್ತಿತ್ತು. ಹಿಡಿದ ಬಾಳೆಹಣ್ಣಿನವನು ಒಳಗಿದ್ದಾನೆ. ಹಿಡಿಯದ ತವನಪ್ಪನೂ ಒಳಗೆ ಹೋದರೆ, ಇನ್ನು ಜನ ಏನು ಮಾಡುತ್ತಾರೆ? ಒಂದು ದಿನವಾದರೂ ಇನ್ನೊಬ್ಬರನ್ನು ತಡೆದವರು ಜೀವಮಾನವಿಡೀ ತಡೆಯಬೇಕಾದೀತು ಎಂದು ತಿಳಿದರೆ, ಯಾವ ತಾಯಿ ಮಗನ ಕೈ ಹಿಡಿದಾಳು? ಹಿಡಿಯುವ ರೂಢಿಯೇ ಹುಟ್ಟದಂತೆ ಎಲ್ಲರೂ ಎಚ್ಚರ ವಹಿಸುತ್ತಾರೆ. ತಾನು ಇಷ್ಟು ವರ್ಷ ಓದಿದ ಗೆರೆಗಳೆಲ್ಲ ಬಂದು ತಲುಪಿದ್ದು ಇಲ್ಲಿಗೆ. ಅವಳು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಳು. ಗಂಡನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ, ಬಹಳ ಇತ್ತು. ಏಳು ವರ್ಷವಾದ ಮೇಲೆ ಅವನು ಬಾಗಿಲಲ್ಲಿ ಬಂದು ನಿಲ್ಲುವುದನ್ನು ಎಷ್ಟು ಸಲ ಕಲ್ಪಿಸಿಕೊಂಡಳೋ. ಆದರೆ ಆ ಬಾಗಿಲ ಎದುರಿನ ಗಿರಣಿಯಲ್ಲಿ ಪದ್ಮವ್ವ ಒಬ್ಬಳೇ ಚೀಲ ಎತ್ತುತ್ತಿರುವುದೂ ಜೊತೆಗೇ ಕಾಣುತ್ತಿತ್ತು. ಸುತ್ತಿಗೆ ಎತ್ತಿದವನೇ ಅದನ್ನು ಹೊರಬೇಕು. ಮನೆ ಮುಟ್ಟುವಷ್ಟರಲ್ಲಿ ಅವಳು ಸುಳ್ಳು ಹೇಳಲು ತೀರ್ಮಾನಿಸಿದ್ದಳು.

ವಿಚಾರಣೆಯ ದಿನ ಕೋರ್ಟಿನ ಕೋಣೆ ತುಂಬಿತ್ತು. ಯಾರೂ ಯಾರಿಗೂ ತಾಗದಂತೆ ಬೆಂಚುಗಳ ನಡುವೆ ಅಂತರ ಬಿಟ್ಟಿದ್ದರು. ಪೊಲೀಸರು ಕೂಡ ನ್ಯಾಯಾಧೀಶರ ಅಪ್ಪಣೆಯಿಲ್ಲದೆ ಯಾರ ಮೈಯನ್ನೂ ಮುಟ್ಟುವಂತಿರಲಿಲ್ಲ. ಹಿಂದೊಮ್ಮೆ ಗಲಾಟೆಯಲ್ಲಿ ಕೈದಿಯನ್ನು ಹಿಡಿದ ಪೇದೆಗೂ ಪಾಲು ಬಂದು, ಆಮೇಲೆ ಈ ನಿಯಮವಾಗಿತ್ತು. ಕಟಕಟೆಯಲ್ಲಿ ಬೇಡಿ ತೊಟ್ಟ ಫಕ್ಕೀರೇಶ. ಪಕ್ಕದ ಬೆಂಚಿನ ತುದಿಯಲ್ಲಿ, ಇನ್ನೂ ಆರೋಪ ಹೊರದ ತವನಪ್ಪ, ಒಗೆದ ಬಿಳಿ ಅಂಗಿ ತೊಟ್ಟು ಕೂತಿದ್ದ. ಅವನ ಹಿಂದೆ ಪದ್ಮವ್ವ.

ಫಕ್ಕೀರೇಶನ ವಕೀಲರು ಇಂದುಮತಿಯ ಮುಂದೆ ಬಂದು ನಿಂತರು. ಉತ್ತರ ತಮ್ಮ ಜೇಬಿನಲ್ಲೇ ಇದೆ ಎಂಬ ಧೈರ್ಯ ಅವರ ದನಿಯಲ್ಲಿತ್ತು.

"ನಿಮ್ಮ ಯಜಮಾನರು ಜಗಳಕ್ಕೆ ಹೋದಾಗಲೆಲ್ಲ ಈ ತವನಪ್ಪ ಅವರನ್ನು ಹಿಡಿದು ನಿಲ್ಲಿಸುವುದು ರೂಢಿಯಾಗಿತ್ತು. ಹೌದೇ?"

"ಇಲ್ರಿ," ಅಂದಳು ಇಂದುಮತಿ.

ವಕೀಲರು ತಡವರಿಸಿದರು. "ಪ್ರಶ್ನೆ ಸರಿಯಾಗಿ ಕೇಳಿಸಿತೇ? ಅವರು ನಡು ಹಿಡಿದು..."

"ಕೇಳಿಸ್ತ್ರಿ. ಅಂಥಾದ್ದೇನೂ ಇರಲಿಲ್ಲ. ನಾ ಒಂದ ಸಲನೂ ಕಂಡಿಲ್ಲ."

ಬೆಂಚಿನ ತುದಿಯಲ್ಲಿ ತವನಪ್ಪ ತಲೆ ಎತ್ತಿದ. ಪದ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಇಂದುಮತಿ ಗಂಡನ ಕಡೆ ನೋಡಬಾರದೆಂದುಕೊಂಡಿದ್ದಳು, ಆದರೂ ನೋಡಿದಳು. ಫಕ್ಕೀರೇಶನಿಗೆ ಅವಳ ಮಾತು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರಿತು. ಆ ಕೆಂಪು ಅವಳಿಗೆ ಗೊತ್ತಿತ್ತು.

"ಸುಳ್ಳ! ಸುಳ್ಳ ಹೇಳಾಕತ್ತಾಳ!"

ಕಟಕಟೆಯ ಅಡ್ಡಪಟ್ಟಿ ದಾಟಿ ಅವನು ಹಾರಿದ. ಬೇಡಿ ಬಿಗಿದ ಎರಡೂ ಕೈ ತಲೆಯ ಮೇಲೆತ್ತಿ, ಕಬ್ಬಿಣದ ಆ ಗಂಟನ್ನು ಮುಂದೆ ಮಾಡಿ, ಅವಳ ಕಡೆಗೆ ನುಗ್ಗಿದ. ಕೋಣೆಯಲ್ಲಿದ್ದವರೆಲ್ಲರೂ ಒಮ್ಮೆಲೇ ಎದ್ದು ಗೋಡೆಯ ಕಡೆ ತಿರುಗಿದರು. ವಕೀಲರ ಕೈ ಬೆನ್ನ ಹಿಂದೆ ಹೋದವು. ಪೊಲೀಸರು ನ್ಯಾಯಾಧೀಶರ ಮುಖ ನೋಡಿದರು. ಸಾಕ್ಷಿಯ ಕಟ್ಟೆಯ ಮೇಲೆ ನಿಂತ ಇಂದುಮತಿಗೆ ಓಡಲು ಜಾಗವಿರಲಿಲ್ಲ. ತನ್ನ ಕಡೆ ಬರುತ್ತಿರುವವನಿಗೆ ನಿಲ್ಲುವುದು ಗೊತ್ತಿಲ್ಲ, ನಿಲ್ಲುವುದನ್ನು ಅವನು ಎಂದೂ ಕಲಿತಿಲ್ಲ ಎಂದು ಅವಳಿಗೆ ತಿಳಿದಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಬಿಡ್ರಿ ನನ್ನ! ಬಿಡ್ರಿ!"

ಕೂಗು ಅವಳ ಮುಖದ ಹತ್ತಿರವೇ ಕೇಳಿಸಿತು. ಪೆಟ್ಟು ಬೀಳಲಿಲ್ಲ. ಕಣ್ಣು ತೆರೆದಾಗ ಬೇಡಿಯ ಕಬ್ಬಿಣ ಅವಳ ಹಣೆಯಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ನಡುಗುತ್ತಿತ್ತು. ಫಕ್ಕೀರೇಶನ ಕಾಲು ನೆಲ ಬಿಟ್ಟಿದ್ದವು. ಅವನ ಹಿಂದೆ, ಅವನ ಬೆನ್ನಿಗೆ ಕೆನ್ನೆ ಒತ್ತಿ, ನಡುವನ್ನು ತಬ್ಬಿ ಬೆರಳಿಗೆ ಬೆರಳು ಹೆಣೆದು, ತವನಪ್ಪ ನಿಂತಿದ್ದ. ಯಾವಾಗ ಎದ್ದ, ಹೇಗೆ ಬಂದ ಎಂದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಫಕ್ಕೀರೇಶ ಎರಡು ಸಲ ಕಾಲು ಬಡಿದ. ಆಮೇಲೆ ಆ ಹಿಡಿತದ ಗುರುತು ಸಿಕ್ಕಿ ಅವನ ಮೈ ಸಡಿಲಾಯಿತು. ಎತ್ತಿದ ಕೈ ಇಳಿದವು. ತಲೆ ಹಿಂದಕ್ಕೆ ವಾಲಿ ತವನಪ್ಪನ ಹೆಗಲಿಗೆ ಒರಗಿತು. ಅವನು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದ.

"ಅವತ್ತ ಎಲ್ಲಿ ಹೋಗಿದ್ದಿಲೇ ತವನಾ? ಎಲ್ಲಿ ಹೋಗಿದ್ದೀ?"

"ಅಲ್ಲೇ ಇದ್ದೆ," ಅಂದ ತವನಪ್ಪ. "ಅಲ್ಲೇ ನಿಂತಿದ್ದೆ, ಫಕ್ಕೀರ." ಅವನೂ ಅಳುತ್ತಿದ್ದ, ಆದರೆ ಬೆರಳು ಬಿಡಲಿಲ್ಲ.

ಗೋಡೆಯ ಕಡೆ ತಿರುಗಿದ್ದವರು ಒಬ್ಬೊಬ್ಬರಾಗಿ ಇತ್ತ ತಿರುಗಿ ನೋಡಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೆಣೆದ ಆ ಬೆರಳುಗಳನ್ನೂ ಕೋರ್ಟಿನ ಗೋಡೆಯ ಪರದೆಯ ಮೇಲೆ ಹಾಕಿದ್ದ ಯಂತ್ರದ ಓದಿನ ಅಂಗೈ ಅಳತೆಯನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಬರೆದುಕೊಳ್ಳುವವರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ರೂಢಿ ಇತ್ತೆಂಬುದು ನ್ಯಾಯಾಲಯದ ಕಣ್ಣೆದುರೇ ಸಾಬೀತಾಗಿದೆ" ಎಂದು ಬರೆಸಿದರು.

ಏಳು ವರ್ಷ. ಇಂದುಮತಿಯ ಎದೆಯೊಳಗೆ ಮೊದಲು ಎದ್ದದ್ದು ಸಮಾಧಾನ. ಗಂಡ ಬದುಕಿ ಮನೆಗೆ ಬರುತ್ತಾನೆ ಎಂಬ ಸಮಾಧಾನ. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. "ಸುಳ್ಳ್ರಿ ಸಾಹೇಬ್ರ, ಇವತ್ತೊಂದ ದಿವಸ ಹಿಡದಾರ್ರಿ, ನನ್ನ ಜೀವಾ ಉಳಿಸಾಕ ಹಿಡದಾರ್ರಿ," ಎಂದು ಅವಳು ಕೂಗಿಕೊಂಡಳು. ಯಾರೂ ಅವಳ ಕಡೆ ನೋಡಲಿಲ್ಲ. ಹಿಂದೆ ಪದ್ಮವ್ವ ಬೆಂಚಿನ ಮೇಲೆ ಕುಸಿದು ಕೂತಿದ್ದಳು. ಅವಳ ಅಕ್ಕಪಕ್ಕದವರು ತಾಗದಂತೆ ದೂರ ಸರಿದರು.

"ಹಿಡಿಯಿರಿ," ಎಂದರು ನ್ಯಾಯಾಧೀಶರು ಪೊಲೀಸರಿಗೆ.

ಹಿರಿಯ ಪೇದೆಯೊಬ್ಬ ಎರಡು ಹೆಜ್ಜೆ ಮುಂದೆ ಬಂದು, ಒಬ್ಬರನ್ನೊಬ್ಬರು ಬಿಡದೆ ನಿಂತವರನ್ನು ನೋಡಿ, ಅಲ್ಲೇ ನಿಂತ.

"ಯಾರನ್ನ್ರಿ ಸಾಹೇಬ್ರ?"

"ಇಬ್ಬರನ್ನೂ."